ಕೊಂಡಿಗೆ ಬೀಗ ಹಾಕದ ಸಾಲು

ಮೊದಲನೆಯ ಕೊಂಡಿ ಎತ್ತಿದ್ದು ನಾನೇ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಇಂಟರ್ವಲ್ ಆದಮೇಲೆ ವಿಲನ್ ಯಾರು ಅಂತ ತೋರಿಸುವ ಸಿನಿಮಾಗಳನ್ನು ನೋಡಿ ನೋಡಿ ನನಗೇ ಸಾಕಾಗಿದೆ. ಆದರೆ ಎರಡನೆಯದನ್ನು, ಮೂರನೆಯದನ್ನು ಎತ್ತಿದವರು ಯಾರು ಅಂತ ಆಗ ನನಗೆ ಗೊತ್ತಿರಲಿಲ್ಲ.

ನಮ್ಮೂರಿನ ನೆಲ ದಿನಕ್ಕೆ ಎರಡು ಮಾರು ಅಂಚಿನ ಕಡೆಗೆ ಸರಿಯುತ್ತದೆ. ಅಂಚಿನ ಆಚೆ ಏನಿದೆ ಅಂತ ಬಗ್ಗಿ ನೋಡಿದವರಿದ್ದಾರೆ. ಏನು ಕಂಡಿತು ಅಂತ ಕೇಳಿದರೆ ಮೋಡ ಅನ್ನುತ್ತಾರೆ, ಆಮೇಲೆ ಮಾತು ಬದಲಿಸಿ ಟೀ ಕೇಳುತ್ತಾರೆ. ಹಾಗಾಗಿ ನಮ್ಮ ಮನೆಗಳಿಗೆಲ್ಲ ಕಬ್ಬಿಣದ ಗಾಲಿ. ನಮ್ಮ ಬೀದಿಗೆ ನಾವು ಸಾಲು ಅನ್ನುತ್ತೇವೆ. ಒಂದರ ಹಿಂದೆ ಒಂದರಂತೆ ಹತ್ತೊಂಬತ್ತು ಮನೆ. ಅಂಚಿಗೆ ಹತ್ತಿರ ಬಂದದ್ದು ತುದಿಮನೆ. ಮೂರು ದಿನಕ್ಕೊಮ್ಮೆ ತುದಿಮನೆಯನ್ನು ಎಳೆದು ಸಾಲಿನ ಹಿಂದಕ್ಕೆ ನಿಲ್ಲಿಸುತ್ತೇವೆ, ಆಗ ಅದರ ಹಿಂದಿನದು ತುದಿಮನೆಯಾಗುತ್ತದೆ. ಬೇರೆ ಊರಿನವರು ಊಟ ಆಯಿತಾ ಅಂತ ಕೇಳುವ ಹಾಗೆ ನಾವು ಎದುರು ಸಿಕ್ಕವರನ್ನು "ಹಿಡಿದೈತಾ?" ಅಂತ ಕೇಳುತ್ತೇವೆ. "ಹಿಡಿದೈತೆ" ಅನ್ನಬೇಕು. ಕೊಂಡಿ ಹಿಡಿದಿರಲಿ, ಬಿಟ್ಟಿರಲಿ.

ಮನೆ ಎಳೆಯಲು ಲಾರಿ ಬೇಕು, ಲಾರಿಗೆ ಕೊಂಡಿ ಬೇಕು. ಕೊಂಡಿ ಅಂದರೆ ಮೊಣಕೈಯುದ್ದದ ಕಬ್ಬಿಣ. ಲಾರಿಯ ಹಿಂಬದಿಯ ಚೌಕ ಪೈಪಿಗೆ ಅದನ್ನು ತೂರಿಸಿ, ಅಡ್ಡಕ್ಕೆ ಒಂದು ಪಿನ್ನು ಹಾಕಿದರೆ ಕೂತಿತು. ಅದರ ಮೂತಿಯಲ್ಲಿ ಒಂದು ಗುಂಡು, ಮನೆಯ ಮುಂದಿನ ಬಳೆ ಆ ಗುಂಡಿನ ಮೇಲೆ ಕೂರುತ್ತದೆ. ಆ ಪಿನ್ನಿಗೆ ಬೀಗ ಹಾಕುವಂತಿಲ್ಲ. ಯಾರ ಮನೆ ಯಾವ ಗಳಿಗೆಯಲ್ಲಿ ಜಾರುತ್ತದೋ ಹೇಳಲಾಗದು. "ಜಾರಿತೋ" ಅಂತ ಕೂಗು ಬಿದ್ದರೆ ಹತ್ತಿರದ ಕೊಂಡಿ ಯಾರದೇ ಇರಲಿ, ಕಿತ್ತುಕೊಂಡು ಓಡಬೇಕು. ಕೇಳಬೇಕಾಗಿಲ್ಲ. ಸಂಜೆ ಸಾಲಿನ ಮೊದಲ ದೀಪ ಹತ್ತುವುದರೊಳಗೆ ಅದು ತನ್ನ ಲಾರಿಗೆ ವಾಪಸ್ ಬಂದಿದ್ದರೆ ಯಾರೂ ಮಾತಾಡುವುದಿಲ್ಲ. ದೀಪ ಹತ್ತಿದ ಮೇಲೂ ಬಾರದಿದ್ದರೆ ಅದು ಕಳವು, ಒಯ್ದವನು ಕಳ್ಳ. ಮೊದಲ ದೀಪ ಹಚ್ಚುವವರು ತುದಿಮನೆಯವರು, ಕತ್ತಲಲ್ಲಿ ಅಂಚು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಾಗಲಿ ಅಂತ.

ಈಗ ಬೋರಲಿಂಗಣ್ಣನ ವಿಷಯ. ಬೋರಲಿಂಗಣ್ಣ ಹಳೇ ಪೈಲ್ವಾನ. ಟೀ ಅಂಗಡಿಯ ಬೆಂಚಿನ ಮೇಲೆ ಅವನು ಕೂತರೆ ಆ ತುದಿಯಲ್ಲಿ ಕೂತವನು ಮೇಲೇಳುತ್ತಾನೆ. ಒಂದು ಶನಿವಾರ ಮಧ್ಯಾಹ್ನ ಅವನು ಮೀಸೆಗೆ ಅಂಟಿದ ಟೀ ಒರೆಸಿಕೊಳ್ಳುತ್ತ ಅಂದ: "ನನ್ನ ಲಾರಿ ಹತ್ರ ಬರೋಕೆ ಗಂಡೆದೆ ಬೇಕು ಕಣ್ಲಾ. ನನ್ನ ಕೊಂಡಿ ಮುಟ್ಟೋನು ಈ ಸಾಲಲ್ಲಿ ಇನ್ನೂ ಹುಟ್ಟಿಲ್ಲ."

ಅಂಥ ಡೈಲಾಗು ಕೇಳಿದಮೇಲೆ ಸುಮ್ಮನಿರುವ ಜಾತಿ ನನ್ನದಲ್ಲ. ನನ್ನ ಹೆಸರು ದೊರೆಸ್ವಾಮಿ. ಎಲ್ಲರೂ ದೊರೆ ಅನ್ನುತ್ತಾರೆ. ಕನ್ನಡಿ ಮುಂದೆ ತಲೆ ಬಾಚುವಾಗ ನಾನು ದಿನಾ ಹೇಳಿಕೊಳ್ಳುವ ಸ್ವಂತ ಡೈಲಾಗು ಒಂದಿದೆ: "ಈ ದೊರೆ ಕಾಲಿಟ್ಟ ಕಡೆ ನೆಲಾನೇ ನಿಂತುಬಿಡುತ್ತೆ!" ನಮ್ಮೂರಲ್ಲಿ ಈ ಮಾತಿಗೆ ಎಷ್ಟು ತೂಕ ಅಂತ ನೀವೇ ಯೋಚಿಸಿ. ಬೋರಲಿಂಗಣ್ಣ ಎರಡನೇ ಟೀ ಹೇಳುವುದರೊಳಗೆ ಅವನ ಲಾರಿಯಿಂದ ಕೊಂಡಿ ಎಳೆದು, ನಮ್ಮ ಲಾರಿಯ ಸೀಟಿನ ಅಡಿಗೆ ತಳ್ಳಿ, ಟೆಂಟು ಸಿನಿಮಾಕ್ಕೆ ಹೋದೆ. ಸಂಜೆ ದೀಪದೊಳಗೆ ವಾಪಸ್ ಸಿಕ್ಕಿಸಿ, ಅವನ ಎದುರಿಗೇ ನಿಂತು "ಅಣ್ಣಾ, ಹುಟ್ಟಿಯಾಯ್ತು" ಅನ್ನಬೇಕು ಅಂತ ಲೆಕ್ಕ. ಆದರೆ ಕೊನೆಯ ಫೈಟು ಶುರುವಾಗುವ ಹೊತ್ತಿಗೆ ರೀಲು ಕಿತ್ತುಹೋಯಿತು. ಅದನ್ನು ಅಂಟಿಸುವತನಕ ಕೂತೆ. ಹೀರೋ ಗೆಲ್ಲುವುದನ್ನು ನೋಡದೆ ಎದ್ದು ಬರುವುದು ನನ್ನಿಂದಾಗದು. ಹೊರಗೆ ಬಂದಾಗ ತುದಿಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು.

ಬೋರಲಿಂಗಣ್ಣ ಸಾಲಿನ ನಡುವೆ ಲುಂಗಿ ಎತ್ತಿ ಕಟ್ಟಿ ನಿಂತಿದ್ದ. "ಕಳ್ಳ! ನಮ್ಮ ಸಾಲಿಗೆ ಕಳ್ಳ ಬಂದವ್ನೆ!" ಅಂತ ಕೂಗುತ್ತಿದ್ದ. ಆ ಮಾತನ್ನು ನಮ್ಮ ಸಾಲಿನಲ್ಲಿ ನಾನು ಹುಟ್ಟಿದಮೇಲೆ ಕೇಳಿಲ್ಲ. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು. ನಾನು ಮುಂದೆ ಹೋಗಿ ನಗಬೇಕಿತ್ತು. ನುಸುಳಿ ಮನೆಗೆ ಹೋದೆ. ನಾಳೆ ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಅವನ ಕಣ್ಣು ಕೆಂಪಗಿತ್ತು. ಮರುದಿನ ಹೇಳೋಣ ಅಂದುಕೊಂಡೆ.

ಮರುದಿನ, ಸೋಮವಾರ, ಹಿಟ್ಟಿನ ಗಿರಣಿ ಶಾಂತಪ್ಪನ ಕೊಂಡಿ ಹೋಯಿತು.

ಇದು ನಾನಲ್ಲ. ದೇವರಾಣೆ ನಾನಲ್ಲ. ಮಂಗಳವಾರ ಸಾಲಿನ ಯಜಮಾನರಾದ ಸಿದ್ಲಿಂಗಯ್ಯನವರ ಕೊಂಡಿಯೂ ಇರಲಿಲ್ಲ. ಅಂದರೆ ನಿಜವಾದ ಕಳ್ಳ ಇದ್ದಾನೆ. ನಾನು ತಮಾಷೆಗೆ ತೆರೆದ ಬಾಗಿಲಲ್ಲಿ ಅವನು ಒಳಗೆ ಬಂದಿದ್ದಾನೆ. ನಮ್ಮ ಮನೆ ಸಾಲಿನಲ್ಲಿ ತುದಿಯಿಂದ ಎರಡನೆಯದು, ಅಂಚಿಗೆ ಇನ್ನು ಕೆಲವೇ ದಿನ. ನಮ್ಮ ಕೊಂಡಿಯೂ ಹೋದರೆ ಎಳೆಯುವುದು ಯಾವುದರಿಂದ?

ಕಳ್ಳನನ್ನು ತಡೆಯಲು ನಾನು ಮಾಡದ ಉಪಾಯವಿಲ್ಲ. ಬೀಗ ಹಾಕುವಂತಿಲ್ಲವಲ್ಲ, ಪಿನ್ನಿಗೆ ಆಡಿನ ಕೊರಳಗಂಟೆ ಕಟ್ಟಿದೆ. ನೆಲ ಸರಿದಾಗಲೆಲ್ಲ ಅದು ಕಿಣಿಕಿಣಿ ಅನ್ನುತ್ತಿತ್ತು, ರತ್ನಕ್ಕ ಎದ್ದು ಬಂದು ಅದನ್ನು ಅಂಚಿನಾಚೆ ಎಸೆದಳು. ರತ್ನಕ್ಕ ನನ್ನ ಅಕ್ಕ, ಲಾರಿಯ ಟರ್ಪಾಲು ಹೊಲಿಯುತ್ತಾಳೆ; ಮನೆಯಲ್ಲಿ ಇರುವುದು ನಾವಿಬ್ಬರೇ. ಆಮೇಲೆ ಲಾರಿಯ ಹಿಂಭಾಗವನ್ನು ಗಿರಣಿಯ ಗೋಡೆಗೆ ಒತ್ತಿ ನಿಲ್ಲಿಸಿದೆ. ಶಾಂತಪ್ಪ ಬಂದು, "ನಾಳೆ ಕೂಗು ಬಿದ್ರೆ ಕೊಂಡಿ ಕೀಳೋಕೆ ನಿಮ್ಮಪ್ಪ ಬರ್ತಾನಾ?" ಅಂತ ಬೈದು ತೆಗೆಸಿದ. ಕೊನೆಗೆ ಕೊಂಡಿಗೆ ಗೇರುಬೀಜದ ಸಿಪ್ಪೆಯ ಸೊನೆ ಬಳಿದೆ. ಮುಟ್ಟಿದವನ ಕೈ ಬೊಬ್ಬೆ ಎದ್ದು ಊರಿಗೆಲ್ಲ ಗೊತ್ತಾಗಲಿ ಅಂತ. ಕೊಂಡಿ ಇದೆಯೋ ಇಲ್ಲವೋ ಅಂತ ಗಂಟೆಗೊಮ್ಮೆ ಹೋಗಿ ಮುಟ್ಟಿ ನೋಡಿದವನು ನಾನೊಬ್ಬನೇ. ಬೊಬ್ಬೆ ಎದ್ದದ್ದು ನನ್ನ ಅಂಗೈ.

ಟೀ ಅಂಗಡಿಯಲ್ಲಿ ಅಷ್ಟು ಹೊತ್ತಿಗೆ ಕಳ್ಳ ಸಿಕ್ಕಿಬಿಟ್ಟಿದ್ದ.

"ನಾನು ಯಾರ ಹೆಸ್ರೂ ಹೇಳಲ್ಲಪ್ಪ," ಅಂದರು ಯಜಮಾನರು, ಸಾಸರಿನಲ್ಲಿ ಟೀ ಆರಿಸುತ್ತ. "ಈ ಸಾಲಲ್ಲಿ ಕಬ್ಬಿಣ ತೂಗೋರು ಯಾರು? ಅಷ್ಟು ಹೇಳಿ."

ಹೇಳಬೇಕಾಗಿರಲಿಲ್ಲ. ತುದಿಮನೆ ಗುಜರಿ ಚೌಡಯ್ಯನದು. ತಳ್ಳುಗಾಡಿಯಲ್ಲಿ ಸುತ್ತಿ ಹಳೇ ಕಬ್ಬಿಣ ಕೊಳ್ಳುವವನು, ಒಂಟಿ, ಮಾತು ಕಡಿಮೆ. ಮನೆಯ ಅಡಿಗೆ ತಂತಿಬಲೆ ಬಿಗಿದು ಅದರಲ್ಲಿ ಕಬ್ಬಿಣ ತುಂಬಿಡುತ್ತಾನೆ. ಅವನಿಗೆ ಲಾರಿ ಇಲ್ಲ. ಅವನ ಸರದಿ ಬಂದಾಗ ಯಾರಾದರೊಬ್ಬರು ಎಳೆದುಕೊಡುತ್ತಾರೆ.

"ಲಾರಿ ಇಲ್ದೋನಿಗೆ ಕೊಂಡಿ ಯಾಕೆ?" ಅಂದೆ ನಾನು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಕರಗ್ಸೋಕೆ!" ಅಂದ ಬೋರಲಿಂಗಣ್ಣ. "ನನ್ನ ಕೊಂಡಿ ಕರಗಿ ಬಾಣಲೆ ಆಗೋಗಿರ್ತದೆ ಈಗ. ಯಾವೋಳೋ ಅದ್ರಲ್ಲಿ ಬೋಂಡ ಕರೀತಿರ್ತಾಳೆ."

ಅವನ ಕೊಂಡಿ ಹತ್ತು ಮಾರು ದೂರದಲ್ಲಿ ನನ್ನ ಸೀಟಿನ ಅಡಿಯಲ್ಲಿತ್ತು. ನಾನು ಮಾತು ಬದಲಿಸಿ ಇನ್ನೊಂದು ಟೀ ಕೇಳಿದೆ.

ಬುಧವಾರ ಬೋರಲಿಂಗಣ್ಣ ಒಂದು ಮಾತು ಹೇಳಿದ: ನಾಳೆಯಿಂದ ಒಂದೊಂದೇ ಲಾರಿ ಹತ್ತಿ ಹುಡುಕುತ್ತೇನೆ ಅಂತ. ಆ ಮಧ್ಯಾಹ್ನ ಚೌಡಯ್ಯ ಗಾಡಿ ತಳ್ಳಿಕೊಂಡು ಸುತ್ತಲು ಹೋಗಿದ್ದ, ಸಾಲು ಉಂಡು ಮಲಗಿತ್ತು. ಕಬ್ಬಿಣವನ್ನು ಯಾರೂ ಹುಡುಕದ ಜಾಗ ಯಾವುದು? ಕಬ್ಬಿಣದ ರಾಶಿ. ಕಳ್ಳ ತನ್ನ ಮನೆಯಲ್ಲಿ ತಾನೇ ಕದಿಯುತ್ತಾನಾ? ನಮ್ಮದೂ ಅಲ್ಲೇ ಭದ್ರ. ಬೋರಲಿಂಗಣ್ಣನ ಕೊಂಡಿ, ನಮ್ಮ ಕೊಂಡಿ ಎರಡನ್ನೂ ಒಂದು ಹಳೇ ಟರ್ಪಾಲಿನ ತುಂಡಿನಲ್ಲಿ ಸುತ್ತಿ, ಚೌಡಯ್ಯನ ಮನೆಯ ಅಡಿಗೆ ನುಗ್ಗಿ, ತಂತಿಬಲೆಯೊಳಗೆ ತುರುಕಿ ಬಂದೆ. ನಮ್ಮ ಲಾರಿಯ ಖಾಲಿ ಪೈಪಿನ ಮೇಲೆ ಗೋಣಿಚೀಲ ಕಟ್ಟಿದೆ, ಒಳಗೆ ಕೊಂಡಿ ಇರುವ ಹಾಗೆ. ಎಂಥಾ ತಲೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸಂಜೆ ನೋಡಿದರೆ ಶಾಂತಪ್ಪನ ಹಿಂದಿನ ಮನೆಯ ಲಾರಿಗೂ ಗೋಣಿಚೀಲ. ಅದರ ಹಿಂದಿನದಕ್ಕೂ. ಕತ್ತಲಾಗುವುದರೊಳಗೆ ಕೊಂಡಿ ಕಳೆಯದ ಎಲ್ಲ ಲಾರಿಗಳ ಹಿಂಬದಿಗೂ ಗೋಣಿಚೀಲ. ಕಳ್ಳನ ಕಣ್ಣಿಗೆ ಬೀಳದಿರಲಿ ಅಂತ ಕೊಂಡಿ ಮುಚ್ಚಿದ್ದಾರೆ ಅಂದುಕೊಂಡೆ.

ಗುರುವಾರ ಚೌಡಯ್ಯನ ಮನೆ ಎಳೆಯುವ ದಿನ. ಎಳೆಯುವ ದಿನ ತುದಿಮನೆಯವರು ಒಲೆ ಹಚ್ಚಬಾರದು, ಸಾಲಿನವರು ಊಟ ತಂದುಕೊಡಬೇಕು. ಚೌಡಯ್ಯ ಬೆಳಿಗ್ಗೆಯೇ ಹೊಸ್ತಿಲು ತೊಳೆದು, ಮನೆಯ ಮುಂದಿನ ಬಳೆಗೆ ಎಣ್ಣೆ ಸವರಿ, ಬಿಳೀ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕೂತ. ಯಾರೂ ಬರಲಿಲ್ಲ. ಒಬ್ಬನಿಗೆ ಡೀಸೆಲ್ ಇಲ್ಲ, ಇನ್ನೊಬ್ಬನಿಗೆ ಗಾಲಿ ಪಂಚರು, ಮತ್ತೊಬ್ಬನ ಹೆಂಡತಿಗೆ ಜ್ವರ. ಬಿಸಿಲು ಏರಿತು, ಇಳಿಯಿತು. ರತ್ನಕ್ಕ ಒಬ್ಬಳೇ ತಟ್ಟೆಯಲ್ಲಿ ಮುದ್ದೆ, ಬಟ್ಟಲಲ್ಲಿ ಸಾರು ತೆಗೆದುಕೊಂಡು ಹೋದಳು. ಬಂದು ನನ್ನ ಮುಂದೆ ನಿಂತಳು.

"ಲಾರಿ ತೆಗಿ. ನಾವೇ ಎಳೆಯಾನ."

"ಅಕ್ಕಾ, ಕ್ಲಚ್ ಪ್ಲೇಟು..."

"ಕ್ಲಚ್ ಪ್ಲೇಟಿಗೆ ಏನಾಗೈತೆ?"

"ಒಂಥರಾ ಶಬ್ದ ಬರ್ತಾ ಐತೆ."

ಅವಳು ಗೋಣಿಚೀಲವನ್ನು ನೋಡಿದಳು, ಬೊಬ್ಬೆ ಎದ್ದ ನನ್ನ ಕೈ ನೋಡಿದಳು. "ಶಬ್ದ ಎಲ್ಲಿಂದ ಬರ್ತೈತೆ ಅಂತ ನಂಗೊತ್ತು," ಅಂದಳು.

ಕೊಂಡಿಯನ್ನು ಹೊರಗೆ ತೆಗೆಯೋಣ ಅಂದರೆ ಆಗುವಂತಿರಲಿಲ್ಲ. ಕಳ್ಳನ ಮೇಲೆ ಕಣ್ಣಿಡಲು ಅಂತ ಸಾಲಿನ ಗಂಡಸರೆಲ್ಲ ಪಾಳಿ ಹಾಕಿಕೊಂಡು ಚೌಡಯ್ಯನ ಮನೆಯನ್ನೇ ನೋಡುತ್ತ ಕೂತಿದ್ದರು. ಅಂಚಿನ ಹತ್ತಿರ ನೆಲ ಸ್ವಲ್ಪ ವಾಲಿದೆ, ಭಾರದ ಮನೆ ಬೇಗ ಜಾರುತ್ತದೆ. ಚೌಡಯ್ಯನ ಮನೆಯಲ್ಲಿ ಇರುವುದೆಲ್ಲ ಕಬ್ಬಿಣ. ಅದಕ್ಕೆ ಇನ್ನೆರಡು ಕೊಂಡಿಗಳ ಭಾರವನ್ನು ನಾನೇ ಸೇರಿಸಿದ್ದೆ.

ಶುಕ್ರವಾರ ಮಧ್ಯಾಹ್ನ, ಸೂರ್ಯ ನೆತ್ತಿಯಲ್ಲಿರುವಾಗ, ಗಾಲಿಗೆ ಕೊಟ್ಟಿದ್ದ ಕಲ್ಲು ಪುಡಿಯಾದ ಸದ್ದಾಯಿತು.

"ಜಾರಿತೋ!"

ನಾನು ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಹೊರಗೆ ಓಡಿದೆ. ಚೌಡಯ್ಯನ ಮನೆ ಗಜಗಾತ್ರದ ಎಮ್ಮೆ ಕೆಸರಿಗೆ ಇಳಿಯುವ ಹಾಗೆ ನಿಧಾನವಾಗಿ ಅಂಚಿನ ಕಡೆಗೆ ಹೋಗುತ್ತಿತ್ತು. ಹಿಂದಿನ ಗಾಲಿಗೂ ಅಂಚಿಗೂ ನಡುವೆ ಮೂರು ಮಾರು. ಎಲ್ಲರೂ ಹತ್ತಿರದ ಲಾರಿಗೆ ಓಡಿದರು. ಹತ್ತಿರದ ಲಾರಿ ನಮ್ಮದು. ಬೋರಲಿಂಗಣ್ಣ ಗೋಣಿಚೀಲ ಕಿತ್ತೆಸೆದ. ಖಾಲಿ ಪೈಪು ಬಾಯಿ ತೆರೆದುಕೊಂಡಿತ್ತು.

"ಇವಂದೂ ಹೋಗೈತೆ! ಶಾಂತಪ್ಪನ ಹಿಂದಿನ ಲಾರಿ ನೋಡ್ರಲಾ!"

ಒಂದು ಚೀಲ ಕಿತ್ತರು. ಖಾಲಿ. ಇನ್ನೊಂದು ಕಿತ್ತರು. ಖಾಲಿ. ಹದಿನೈದು ಲಾರಿಗಳ ಹದಿನೈದು ಚೀಲಗಳ ಅಡಿಯಲ್ಲಿ ಹದಿನೈದು ತೂತು. ಅಷ್ಟೊಂದು ಕೊಂಡಿ ಕದ್ದು ಹೊರುವ ಕಳ್ಳ ಯಾವ ಲೋಕದಲ್ಲೂ ಇಲ್ಲ ಅಂತ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಮೊದಲು ತಿರುಗಿ ತನ್ನ ಮನೆ ಕಡೆ ಓಡಿದವನು ಶಾಂತಪ್ಪ. ಅವನ ಹಿಂದೆ ಉಳಿದವರು. ಆದರೆ ಅವರ ಮನೆಗಳು ದೂರ, ಅಟ್ಟದ ಮೇಲಿಟ್ಟದ್ದು ಇಳಿಸಬೇಕು, ಕಣಜದಲ್ಲಿ ಹೂತದ್ದು ಕೆದಕಬೇಕು.

"ಚೌಡಯ್ಯಾ, ಇಳಿಯೋ!" ಯಜಮಾನರು ಕೂಗಿದರು.

ಚೌಡಯ್ಯ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದ. ನಿನ್ನೆಯ ಬಿಳೀ ಅಂಗಿಯೇ. ಎರಡೂ ಕೈಗಳಿಂದ ಚೌಕಟ್ಟು ಹಿಡಿದಿದ್ದ.

"ಯಾಕೆ ಇಳೀಲಿ ಯಜಮಾನ್ರೇ? ಕಳ್ಳನ ಮನೆ ಅಂತ ಎಳೀಲಿಲ್ಲ. ಕಳ್ಳನ್ನ ಮಾತ್ರ ಯಾಕೆ ಇಳಿಸ್ತೀರಿ?"

"ಅದೆಲ್ಲ ಆಮೇಲೆ ಮಾತಾಡಾನ, ಮೊದ್ಲು ಇಳಿ!"

"ಆಮೇಲೆ ಬೇಡ. ನಾನು ಕದ್ದಿಲ್ಲ ಅಂತ ಒಬ್ರು ಹೇಳಿ. ಒಬ್ರು ಸಾಕು. ಇಳೀತೀನಿ."

ಎರಡೂವರೆ ಮಾರು. ನನ್ನ ಬಾಯಿ ತಾನಾಗೇ ತೆರೆಯಿತು, ಅಭ್ಯಾಸಬಲದಿಂದ ಹೀರೋ ದನಿಯೇ ಹೊರಗೆ ಬಂತು: "ಚೌಡಣ್ಣಾ! ಈ ದೊರೆ ಉಸಿರಾಡೋವರ್ಗೂ ನಿನ್ನ ಮನೆಯ ಒಂದು ಮೊಳೆ ಕೂಡ..."

"ಲೇ, ಮುಚ್ಕೊಂಡಿರ್ಲಾ!" ಬೋರಲಿಂಗಣ್ಣ ಹಲ್ಲು ಕಡಿದ. "ಇದು ಟೆಂಟಾ?"

ನೆಲ ನಿಲ್ಲಲಿಲ್ಲ. ನನ್ನ ಕಾಲ ಕೆಳಗೇ ಅದು ಸರಿಯುವುದು ಗೊತ್ತಾಗುತ್ತಿತ್ತು. ಆಮೇಲೆ ಬಂದ ದನಿ ನನ್ನದು, ತೆಳ್ಳಗೆ, ಒಡೆದದ್ದು.

"ಬೋರಲಿಂಗಣ್ಣನ ಕೊಂಡಿ ತಗೊಂಡಿದ್ದು ನಾನು. ತಮಾಷೆಗೆ. ದೀಪದೊಳಗೆ ಕೊಡೋಕಾಗಲಿಲ್ಲ. ಹೆದರ್ಕೊಂಡು ಬಚ್ಚಿಟ್ಟೆ. ಅವಂದು, ನಮ್ಮದು ಎರಡೂ ನಿನ್ನ ಮನೆ ಅಡಿ ಬಲೇಲಿ ಅವೆ ಚೌಡಣ್ಣ. ನೀನು ಕದ್ದಿಲ್ಲ."

ಚೌಡಯ್ಯ ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. "ನನ್ನ ಮನೆ ಅಡೀಲಾ?" ಅಂದ. ಹೊಸ್ತಿಲಿನಿಂದ ಇಳಿದ. ಇಳಿದವನು ದೂರ ಓಡಲಿಲ್ಲ. ಮುಂದಿನ ಗಾಲಿಗೆ ಬೆನ್ನು ಕೊಟ್ಟು ನೂಕಿ ನಿಂತ. "ಹೋಗು. ತಗೊಂಡ್ ಬಾ."

ನಾನು ಹೊಟ್ಟೆಯ ಮೇಲೆ ಮನೆಯ ಅಡಿಗೆ ನುಗ್ಗಿದೆ. ಸಿನಿಮಾದಲ್ಲಿ ಇಂಥ ಕಡೆ ಮ್ಯೂಸಿಕ್ ಇರುತ್ತದೆ. ಇಲ್ಲಿ ಗಾಲಿ ಕಿರುಗುಟ್ಟುವುದು ಅಷ್ಟೇ. ಮನೆ ನನ್ನ ಮೇಲೆ ಸರಿಯುತ್ತಿತ್ತು, ನಾನೂ ಅದರ ಜೊತೆ ತೆವಳಬೇಕಿತ್ತು. ಬಲೆಯಲ್ಲಿ ಕೈ ಹಾಕಿದರೆ ಹಳೇ ಬಕೆಟ್ಟು, ಸೈಕಲ್ ಚೈನು, ಕುಕ್ಕರಿನ ಮುಚ್ಚಳ. ಟರ್ಪಾಲಿನ ತುಂಡು ಸಿಗಲಿಲ್ಲ. ಕಾಲ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಅಂಚಿನ ಗಾಳಿ. ತಿರುಗಿ ನೋಡಬಾರದು ಅಂದುಕೊಂಡೆ, ನೋಡಿದೆ. ಮೋಡ ಇತ್ತು. ಅವರು ಸುಳ್ಳು ಹೇಳಿರಲಿಲ್ಲ.

ಬೊಬ್ಬೆಯ ಅಂಗೈಗೆ ಏನೋ ಒರಟಾದದ್ದು ತಾಗಿ ಉರಿ ಎದ್ದಿತು. ಟರ್ಪಾಲು. ಎಳೆದೆ.

ಹೊರಗೆ ಬಂದಾಗ ನಮ್ಮ ಲಾರಿ ಆಗಲೇ ಹಿಂದಕ್ಕೆ ಬರುತ್ತಿತ್ತು. ಸ್ಟೇರಿಂಗಿನಲ್ಲಿ ರತ್ನಕ್ಕ. ಅವಳಿಗೆ ಲಾರಿ ಬರುತ್ತದೆ ಅಂತ ನನಗೆ ಗೊತ್ತಿತ್ತು, ಸಾಲಿಗೆ ಗೊತ್ತಿರಲಿಲ್ಲ. ಪೈಪಿಗೆ ಕೊಂಡಿ ತೂರಿಸಿ ಪಿನ್ನು ಹಾಕಿದೆ, ಚೌಡಯ್ಯ ಬಳೆ ಎತ್ತಿ ಗುಂಡಿನ ಮೇಲೆ ಕೂರಿಸಿದ. ರತ್ನಕ್ಕ ಆಕ್ಸಿಲೇಟರ್ ತುಳಿದಳು. ಗಾಲಿಗಳು ಧೂಳೆಬ್ಬಿಸಿದವೇ ಹೊರತು ಲಾರಿ ಮುಂದೆ ಹೋಗಲಿಲ್ಲ. ಮನೆಯೇ ಲಾರಿಯನ್ನು ಎಳೆಯುತ್ತಿತ್ತು. ಒಂದು ಮಾರು. ಆಗ ಬೋರಲಿಂಗಣ್ಣ ನನ್ನ ಕೈಯಿಂದ ತನ್ನ ಕೊಂಡಿ ಕಿತ್ತುಕೊಂಡ. ತಿರುಗಿಸಿ ನೋಡಿದ, ಅದರ ಕುತ್ತಿಗೆಯ ಮೇಲೆ ಅವನೇ ಅರದಿಂದ ಹಾಕಿದ್ದ ಮೂರು ಗೀರು.

"ನಿನ್ನ ಆಮೇಲೆ ನೋಡ್ಕೋತೀನಿ," ಅಂದು ಓಡಿದ. ತನ್ನ ಲಾರಿ ತಂದು ನಮ್ಮ ಲಾರಿಯ ಮೂತಿಗೆ ಸರಪಳಿ ಹಾಕಿದ. ಎರಡು ಲಾರಿ ಸೇರಿ ಮನೆಯನ್ನು ನಿಲ್ಲಿಸಿದವು. ಎಳೆಯಲಿಲ್ಲ, ನಿಲ್ಲಿಸಿದವು ಅಷ್ಟೇ. ಹಿಂದಿನ ಗಾಲಿ ಅರ್ಧ ನೆಲದ ಮೇಲೆ, ಅರ್ಧ ಮೋಡದ ಮೇಲೆ.

ಆಮೇಲೆ ಅವರು ಬಂದರು. ಶಾಂತಪ್ಪನ ಕೊಂಡಿ ಬೆಳ್ಳಗಿತ್ತು, ಮೈತುಂಬ ಅಕ್ಕಿಹಿಟ್ಟು. ಕಳ್ಳನಿಗೆ ಹೆದರಿ ತಾನೇ ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಿದ್ದ. ಒಬ್ಬಳು ತೊಟ್ಟಿಲಿನಿಂದ ಮಗುವನ್ನು ಸೊಂಟಕ್ಕೇರಿಸಿ, ಮಗುವಿನ ಪಕ್ಕ ಮಲಗಿಸಿದ್ದ ಕೊಂಡಿಯನ್ನು ಹೆಗಲಿಗೇರಿಸಿ ಓಡಿಬಂದಳು. ಕೊನೆಯಲ್ಲಿ ಯಜಮಾನರು, ದೇವರ ಗೂಡಿನಿಂದ ತೆಗೆದ ಕೊಂಡಿಯನ್ನು ಶಾಲಿನಲ್ಲಿ ಸುತ್ತಿ ತಂದರು. ಅದಕ್ಕೆ ಕುಂಕುಮ ಇಟ್ಟಿತ್ತು. ಲಾರಿಗೆ ಲಾರಿ ಕಟ್ಟಿ ಐದು ಲಾರಿ ಎಳೆದಮೇಲೆ ಚೌಡಯ್ಯನ ಮನೆ ಕೆಮ್ಮಿದ ಹಾಗೆ ಸದ್ದು ಮಾಡಿ ಮುಂದೆ ಬಂತು.

ಪಂಚಾಯಿತಿ ಅಂತ ಎಲ್ಲರೂ ಟೀ ಅಂಗಡಿ ಮುಂದೆ ಕೂತದ್ದೇನೋ ನಿಜ. ಯಜಮಾನರು ನನ್ನ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು. ಅವರ ಮಡಿಲಲ್ಲಿ ಕುಂಕುಮದ ಕೊಂಡಿ ಇನ್ನೂ ಇತ್ತು. ಅದನ್ನು ನೋಡಿದರು, ಶಾಂತಪ್ಪನ ಮೈಮೇಲಿನ ಹಿಟ್ಟು ನೋಡಿದರು, ಎದ್ದು ಹೋದರು. ಮನೆಯಲ್ಲಿ ರತ್ನಕ್ಕ ಮಾತ್ರ ಕೊಡಬೇಕಾದ್ದು ಕೊಟ್ಟಳು. ನನ್ನ ಎಡಗೆನ್ನೆ ಎರಡು ದಿನ ಊದಿತ್ತು.

ಚೌಡಯ್ಯ ಯಾರನ್ನೂ ಬೈಯಲಿಲ್ಲ. ಸಾಲಿನ ಹಿಂದಿನ ತುದಿಯಲ್ಲಿ ನಿಂತ ತನ್ನ ಮನೆಯ ಹೊಸ್ತಿಲನ್ನು ಮತ್ತೊಮ್ಮೆ ತೊಳೆದುಕೊಂಡ. ನಾನು ಎದುರಿಗೆ ಹೋಗಿ "ಹಿಡಿದೈತಾ ಚೌಡಣ್ಣ?" ಅಂದರೆ ಗಾಡಿ ತಿರುಗಿಸಿಕೊಂಡು ಬೇರೆ ದಾರಿ ಹಿಡಿದ. ಮೂರು ದಿನವೂ ಹಾಗೇ.

ಈಗ ನಮ್ಮದೇ ತುದಿಮನೆ. ಸೋಮವಾರ ಬೆಳಿಗ್ಗೆ ಎಳೆಯಬೇಕು. ಶುಕ್ರವಾರದ ಎಳೆತಕ್ಕೆ ನಮ್ಮ ಕೊಂಡಿಯ ಕುತ್ತಿಗೆ ಸ್ವಲ್ಪ ಬಾಗಿತ್ತು; ನಾಳೆ ಹಿಡಿಯುತ್ತದೋ ಇಲ್ಲವೋ ಅಂತ ಭಾನುವಾರವೆಲ್ಲ ಅದನ್ನೇ ನೋಡುತ್ತ ಕೂತಿದ್ದೆ. ಚೀಲ ಇಲ್ಲ, ಗಂಟೆ ಇಲ್ಲ, ಪೈಪಿನಲ್ಲಿ ಬೋಳಾಗಿ ನಿಂತ ಕೊಂಡಿ. ಸೂರ್ಯ ಅಂಚಿನಿಂದ ಒಂದು ಗೇಣು ಮೇಲಿದ್ದಾಗ ಚೌಡಯ್ಯ ಬಂದ. ನನ್ನ ಕಡೆ ನೋಡಲಿಲ್ಲ. ಪಿನ್ನು ಎಳೆದ, ಕೊಂಡಿ ಹೆಗಲಿಗೆ ಹಾಕಿದ, ನಡೆದುಹೋದ. ಯಾರ ಮನೆಯೂ ಜಾರಿರಲಿಲ್ಲ. ಕೂಗು ಬಿದ್ದಿರಲಿಲ್ಲ.

ನಾನು ಎದ್ದು ನಿಂತೆ.

"ಕೂತ್ಕೋ," ಅಂದಳು ರತ್ನಕ್ಕ ಒಳಗಿನಿಂದ. "ಕೇಳೋ ಹಂಗಿಲ್ಲ."

"ನಾಳೆ ಬೆಳಿಗ್ಗೆ ನಮ್ದು ಎಳೀಬೇಕು ಅಕ್ಕಾ."

"ಗೊತ್ತು."

"ಅವ್ನು ವಾಪಸ್ ತರ್ದಿದ್ರೆ?"

"ದೊರೆ, ಕೂತ್ಕೋ."

ಕೂತೆ. ಸೂರ್ಯ ಅಂಚಿನಾಚೆ ಇಳಿದ. ಸಾಲಿನ ಮನೆಗಳ ಬಾಗಿಲಲ್ಲಿ ಒಬ್ಬೊಬ್ಬರೇ ಬಂದು ನಿಂತರು. ಎಲ್ಲರ ಕಣ್ಣೂ ನಮ್ಮ ಲಾರಿಯ ಖಾಲಿ ಪೈಪಿನ ಮೇಲೆ, ಆಮೇಲೆ ನನ್ನ ಮೇಲೆ. ರತ್ನಕ್ಕ ಬುಡ್ಡಿದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ ಕಿಟಕಿಯಲ್ಲಿಟ್ಟಳು. ಬೆಂಕಿಪೊಟ್ಟಣ ತೆಗೆದಳು. ಈ ದೀಪ ಹತ್ತಿದರೆ ಚೌಡಯ್ಯ ಕಳ್ಳ. ಈ ಸಲ ನಿಜವಾಗಿ, ನೇಮದ ಪ್ರಕಾರ, ಎಲ್ಲರ ಕಣ್ಣೆದುರಿಗೆ.

ಅವಳ ಕೈಯಿಂದ ಪೊಟ್ಟಣ ಕಿತ್ತುಕೊಂಡೆ.

ಕತ್ತಲು ಇಳಿಯಿತು. ನಮ್ಮ ದೀಪ ಹತ್ತದೆ ಯಾರೂ ಹಚ್ಚುವಂತಿಲ್ಲ. ಹತ್ತೊಂಬತ್ತು ಮನೆಗಳು ಕಪ್ಪಗೆ ನಿಂತವು. ಅಂಚು ಎಲ್ಲಿ ಮುಗಿಯುತ್ತದೆ ಅಂತ ನನಗೇ ಕಾಣುತ್ತಿರಲಿಲ್ಲ. ಎಲ್ಲೋ ಒಂದು ಮಗು ಅಳತೊಡಗಿತು.

"ಲೋ ದೊರೆ!" ಯಜಮಾನರ ದನಿ. "ದೀಪ ಯಾಕೋ ಹಚ್ಚಿಲ್ಲ?"

"ಬೆಂಕಿಪೊಟ್ಟಣ ನೆಂದೋಗೈತೆ ಯಜಮಾನ್ರೇ!"

ಮಳೆ ಬಿದ್ದು ಮೂರು ತಿಂಗಳಾಗಿತ್ತು. ಆಮೇಲೆ ಭಾರದ ಹೆಜ್ಜೆಯ ಸದ್ದು. ಬೋರಲಿಂಗಣ್ಣ ಕತ್ತಲಲ್ಲಿ ತಡವರಿಸಿಕೊಂಡು ಬಂದು ನನ್ನ ಮುಂದೆ ನಿಂತ. ಅವನ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು. ಮುಗಿಯಿತು ಅಂದುಕೊಂಡೆ. ಅವನು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಕಡ್ಡಿಗಳು ಗರಿಗರಿಯಾಗಿ ಸದ್ದು ಮಾಡಿದವು.

"ನಂದೂ ನೆಂದೈತೆ," ಅಂದು ನನ್ನ ಪಕ್ಕ ಕೂತ. ಮೆಟ್ಟಿಲ ಹಲಗೆ ಕಿರುಗುಟ್ಟಿತು.

"ಹಂಗಾದ್ರೆ ಒಣಗ್ಲಿ ಬಿಡ್ರಪ್ಪ," ಅಂದರು ಯಜಮಾನರು ದೂರದಿಂದ.

ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ಪೊಟ್ಟಣ ನನ್ನ ಮುಷ್ಟಿಯಲ್ಲಿ ಬೆವರಿಗೆ ನಿಜವಾಗಿಯೂ ಒದ್ದೆಯಾಗುತ್ತಿತ್ತು. ಚೌಡಯ್ಯ ಬರುವುದಿಲ್ಲ ಅನ್ನಿಸಿತು. ಬರದಿದ್ದರೂ ನಾನು ಬಾಯಿ ತೆರೆಯುವ ಹಾಗಿಲ್ಲ ಅನ್ನಿಸಿತು. ಅಷ್ಟರಲ್ಲಿ ಲಾರಿಯ ಹಿಂದೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಠಣ್. ಆಮೇಲೆ ಪಿನ್ನು ಕೂತ ಸದ್ದು.

ಚೌಡಯ್ಯ ಹತ್ತಿರ ಬಂದ. ಅವನ ಮೈಯಿಂದ ಇದ್ದಿಲಿನ ವಾಸನೆ ಬರುತ್ತಿತ್ತು.

"ಕುತ್ತಿಗೆ ಬಾಗಿತ್ತು. ಕಾಯಿಸಿ ಬಡಿದು ನೆಟ್ಟಗೆ ಮಾಡಿವ್ನಿ."

"ಇಷ್ಟೊತ್ತು ಬೇಕಾಯ್ತಾ ಚೌಡಣ್ಣ?" ಅಂದೆ.

"ಇಲ್ಲ. ಹೊತ್ತು ಮುಳುಗೋಕೆ ಮುಂಚೇನೇ ಆಗಿತ್ತು. ಸುಮ್ನೆ ಕೂತಿದ್ದೆ."

"ಯಾಕೆ?"

"ನೀನು ಕೂಗ್ತೀಯೋ ಇಲ್ವೋ ನೋಡಾನ ಅಂತ."

ಪಕ್ಕದಲ್ಲಿ ಬೋರಲಿಂಗಣ್ಣ ಕೆಮ್ಮಿದ. ಅದು ನಗುವೂ ಇರಬಹುದು. ನಾನು ಕಡ್ಡಿ ಗೀರಿದೆ. ಒದ್ದೆ, ಹತ್ತಲಿಲ್ಲ. ಎರಡನೆಯದೂ ಹತ್ತಲಿಲ್ಲ. ಮೂರನೆಯದಕ್ಕೆ ಬೋರಲಿಂಗಣ್ಣ ತನ್ನ ಪೊಟ್ಟಣ ನನ್ನ ಕೈಗಿಟ್ಟ. ಬತ್ತಿ ಹತ್ತಿತು. ನಮ್ಮ ಮೆಟ್ಟಿಲಿನಿಂದ ಎಂಟು ಹೆಜ್ಜೆ ಆಚೆ ಅಂಚು ಕಾಣಿಸಿತು. ಹಿಂದೆ ಗಿರಣಿಯ ದೀಪ, ಅದರ ಹಿಂದಿನದು, ಅದರ ಹಿಂದಿನದು, ಸಾಲಿನ ಕೊನೆಯ ತನಕ ಹತ್ತಿಕೊಂಡು ಹೋದವು. ಚೌಡಯ್ಯನ ಮನೆಯೊಂದೇ ಕಪ್ಪಗಿತ್ತು. ಅವನು ಆ ಕಡೆಗೆ ಹೊರಟ.

"ಹಿಡಿದೈತಾ ಚೌಡಣ್ಣ?" ಅಂತ ಕೂಗಿದೆ.

ಅವನು ಲಾರಿಯ ಹತ್ತಿರ ನಿಂತು, ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಒಮ್ಮೆ ಜಗ್ಗಿದ.

"ನಾಳೆ ಬೆಳಿಗ್ಗೆ ಕೇಳು," ಅಂದ.